ಎರಡೂವರೆ ಕೆಜಿ ಲೆನ್ಸಿಗೆ ನಾನೇ ಗೂಟ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ತಮ್ಮನಿಗೆ ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆವಾಗಲೇ. ಕುಡಿಯುತ್ತಾನೆ ಎಂದುಕೊಳ್ಳಬೇಡಿ. ಮಜ್ಜಿಗೆ ಹುಳಿಯಾಗಿದ್ದರೆ ಅದನ್ನೂ ಮುಟ್ಟುವವನಲ್ಲ. ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಸ್ಸು ಎಷ್ಟೇ ಕುಣಿಯಲಿ, ಕಂಬಿ ಹಿಡಿಯದೆ, ಸೊಂಟವನ್ನು ಸೀಟಿನ ಅಂಚಿಗೆ ಕೊಟ್ಟು, ಎರಡೂ ಕೈಯಲ್ಲಿ ಟಿಕೆಟ್ಟು ಚಿಲ್ಲರೆ ಆಡಿಸಿಕೊಂಡು ಕಲ್ಲುಕಂಬದ ಹಾಗೆ ನಿಲ್ಲುತ್ತಿದ್ದ. ಅಂಥವನನ್ನು ತಂದು ಅಲ್ಲಾಡದ ನೆಲದ ಮೇಲೆ ನಿಲ್ಲಿಸಿ ನೋಡಿ! ಗಾಳಿಗೆ ಸಿಕ್ಕ ಜೋಳದ ದಂಟಾಗಿಬಿಡುತ್ತಾನೆ.

ಇದು ನಾನು ಕಟ್ಟಿದ ಕತೆಯಲ್ಲ. ಅವನೇ ಒಪ್ಪಿಕೊಂಡದ್ದು.

"ಅಕ್ಕ, ಈ ನೆಲ ಯಾಕೋ ಬ್ರೇಕೇ ಹಾಕಲ್ಲ ಕಣಕ್ಕ. ಈಗ ಹಾಕುತ್ತೆ, ಇನ್ನೇನು ಹಾಕುತ್ತೆ ಅಂತ ಮೈ ಕಾಯ್ತಾನೇ ಇರುತ್ತೆ."

"ನೆಲ ಬ್ರೇಕ್ ಹಾಕಿದ್ರೆ ಊರೇ ಉಳಿಯಲ್ಲ ಕಣೋ, ಮುಚ್ಕೊಂಡು ನಿಂತ್ಕೋ" ಅಂದಿದ್ದೆ.

ಇವನಿಗೆ ಇನ್ನೊಂದು ಹುಚ್ಚಿತ್ತು, ನಿಯತ್ತಿನ ಹುಚ್ಚು. ಇವನ ಬಸ್ಸು ಹೊಸಕೋಟೆಯಿಂದ ನಮ್ಮೂರ ಕೆರೆ ಏರಿ ಮೇಲೆಯೇ ಓಡಾಡುತ್ತಿತ್ತು. ಮನೆಯವರಿಗೆ ಅನುಕೂಲ ಅಂದುಕೊಂಡಿರಾ? ಹೆತ್ತ ತಾಯಿಗೂ ಟಿಕೆಟ್ಟು ಹರಿದು ಕೊಟ್ಟ ಮಗ ಇವನು! ಒಂದು ಸಲ ನಾನು ಇವನ ಮನೆಯ ಹಬ್ಬಕ್ಕೆಂದೇ ಹೊಸಕೋಟೆ ಸಂತೆಯಲ್ಲಿ ಒಂದು ನಾಟಿ ಕೋಳಿ ಕೊಂಡು, ಮಂಕರಿಯಲ್ಲಿ ಹಾಕಿಕೊಂಡು ಇವನದೇ ಬಸ್ಸು ಹತ್ತಿದೆ. ನನಗೊಂದು ಟಿಕೆಟ್ಟು ಕೊಟ್ಟ. ಸುಮ್ಮನೆ ಇಸಕೊಂಡೆ. ಆಮೇಲೆ ಮಂಕರಿ ಬಗ್ಗಿ ನೋಡಿ ಇನ್ನೊಂದು ಹರಿದ.

"ಇದ್ಯಾರಿಗೋ?"

"ಕೋಳಿಗೆ."

"ಲೇ, ನಿನ್ ಮನೆ ಸಾರಿಗೇ ಹೋಗ್ತಿರೋ ಕೋಳಿ ಕಣೋ ಅದು!"

"ಇಳಿದ ಮೇಲೆ ನಮ್ಮನೆ ಸಾರು ಅಕ್ಕ. ಬಸ್ಸಲ್ಲಿರೋವರ್ಗೂ ಪ್ಯಾಸೆಂಜರ್ರು."

ಇಡೀ ಬಸ್ಸು ನಕ್ಕಿತು. ಊಟಕ್ಕೆ ಕೂತಾಗ ಎರಡು ತುಂಡು ಜಾಸ್ತಿ ಹಾಕಿಸಿಕೊಂಡು ನಾನು ಆ ಟಿಕೆಟ್ಟಿನ ಸಿಟ್ಟು ತೀರಿಸಿಕೊಂಡೆ.

ಇಂಥವನಿಗೆ ರಿಟೈರ್ ಆಯಿತು. ರಿಟೈರ್ ಆದವರು ಏನು ಮಾಡುತ್ತಾರೆ? ಸೈಟು ತೆಗೆದುಕೊಳ್ಳುತ್ತಾರೆ. ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಡುತ್ತಾರೆ. ಇಲ್ಲವೇ ಕಾಶಿಗೆ ಹೋಗುತ್ತಾರೆ. ಇವನು ಬೆಂಗಳೂರಿಗೆ ಹೋಗಿ ಒಂದು ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಬಂದ. ಒಳಗೆ ಒಂದು ಕ್ಯಾಮೆರಾ, ಅದಕ್ಕೆ ಸಿಕ್ಕಿಸುವ ಒಂದು ಲೆನ್ಸು. ಲೆನ್ಸೆಂದರೆ ಕನ್ನಡಕದ ಗಾಜಿನ ಹಾಗೆ ಇರುತ್ತದೆ ಎಂದುಕೊಂಡಿದ್ದೆ. ಇದು ಒನಕೆಯ ಹಾಗಿತ್ತು! ನಮ್ಮ ನಾದಿನಿ, ಅಂದರೆ ಇವನ ಹೆಂಡತಿ, ಅದನ್ನು ನೋಡಿ ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿದಳು.

"ಏನ್ರೀ ಇದು?"

"ದೂರದ್ದು ಹತ್ರ ಕಾಣುತ್ತೆ ಕಣೆ."

"ಹತ್ರ ಇರೋರು ಕಾಣಲ್ವಾ ನಿಮ್ಗೆ?"

ಈ ಪ್ರಶ್ನೆಗೆ ಯಾವ ಗಂಡನಿಗೆ ತಾನೇ ಉತ್ತರ ಗೊತ್ತು? ನನ್ನ ಕಡೆ ತಿರುಗಿ ಹೇಳಿದ. ಭಾನುವಾರ ಬಂದರೆ ಕೆರೆ ಏರಿಯ ಮೇಲೆ ಬೆಂಗಳೂರಿನವರು ಇಂಥವೇ ಉದ್ದನೆಯವು ಹಿಡಿದು ನಿಂತಿರುತ್ತಿದ್ದರಂತೆ. ಕೆರೆಯಲ್ಲಿ ಏನು ನೋಡುತ್ತಾರೆ ಎಂದು ಇವನಿಗೆ ಬಹಳ ವರ್ಷದ ಆಸೆ. ಆದರೆ ಕಂಡಕ್ಟರನ ಮುಖ ಯಾವಾಗಲೂ ಪ್ಯಾಸೆಂಜರ್ ಕಡೆ. ಸಾವಿರ ಸಲ ಏರಿ ದಾಟಿದರೂ ಇವನ ಪಾಲಿಗೆ ಕೆರೆ ಬೆನ್ನ ಹಿಂದೆಯೇ ಉಳಿಯಿತು.

ತೂಕ ಎಷ್ಟಿರಬಹುದು ಎಂದು ನನಗೆ ಕುತೂಹಲ. ತರಕಾರಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ಇಡಿಸಿದೆ. ಎರಡೂವರೆ ಕೆಜಿಯ ಮೇಲೆ ಚೂರು. "ಸೋರೆಕಾಯಿ ಆಗಿದ್ರೆ ಬಲಿತೋಗಿದೆ, ಬೇಡ ಅಂತಿದ್ದೆ ಕಣಮ್ಮ" ಅಂದ ಅಂಗಡಿಯವನು.

ಮೊದಲ ವಾರವೇ ಒಂದು ಫಜೀತಿ ಆಯಿತು. ನಮ್ಮ ಕೆರೆಯ ನಡುವೆ ಒಂದು ಒಣ ಜಾಲಿಮರ ಇದೆ. ಅದರ ಮೇಲೆ ನೀರುಕಾಗೆಗಳು ಕೂರುತ್ತವೆ. ನೀರಲ್ಲಿ ಮುಳುಗಿ ಮೀನು ಹಿಡಿದು ಬಂದು, ಎರಡೂ ರೆಕ್ಕೆ ಅಗಲಿಸಿ, ಒದ್ದೆ ಕೋಟು ಒಣಹಾಕಿದ ಹಾಗೆ ಕೂತಿರುತ್ತವೆ. ಕರೀ ಹಕ್ಕಿ. ಊರಲ್ಲಿ ಯಾರೂ ಅದನ್ನು ಹಕ್ಕಿ ಎಂದು ಲೆಕ್ಕಕ್ಕೇ ಹಿಡಿದವರಲ್ಲ. ಇವನು ಲೆನ್ಸು ಎತ್ತಿದಾಗ ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ಅದರ ಕಣ್ಣು ಕಂಡಿತಂತೆ. ಕಂಡದ್ದೇ ಲೆನ್ಸು ಅಲ್ಲಾಡಿತು, ಹೋಯಿತು. ನೇರ ಟೀ ಅಂಗಡಿಗೆ ಹೋಗಿ ಹೇಳಿಬಿಟ್ಟ.

"ನೀರುಕಾಗೆಗೆ ಹಸಿರು ಕಣ್ಣು ಕಣ್ರಪ್ಪ!"

ಟೀ ಅಂಗಡಿಯವರು ಬಿಟ್ಟಾರೆಯೇ? "ಹಂಗಾದ್ರೆ ನಮ್ಮನೆ ಎಮ್ಮೆಗೆ ಚಿನ್ನದ ಹಲ್ಲೈತೆ ಗುರು, ಅದ್ನೂ ಒಂದ್ ಪಟ ಹೊಡಿ" ಅಂದರು. ಹುಡುಗರು ಮುದುಕರು ಎಲ್ಲರೂ ಸೇರಿ ಇವನಿಗೆ ಹಸಿರುಗಣ್ಣಪ್ಪ ಎಂದು ಹೆಸರಿಟ್ಟರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳೂ ನಕ್ಕಳು. ನಕ್ಕು ಗಡುವು ಹಾಕಿದಳು.

"ಯುಗಾದಿ ಒಳಗೆ ಆ ಹಸಿರು ಕಣ್ಣನ್ನ ನೀವೇ ಪಟ ಹೊಡೆದು ತಂದು ನಂಗೆ ತೋರಿಸ್ಬೇಕು. ಇಲ್ದಿದ್ರೆ ಈ ಒನಕೆ ವಾಪಸ್ ಅಂಗಡಿಗೆ ಹೋಗುತ್ತೆ. ಆಯ್ತಾ?"

"ಆಯ್ತು" ಅಂದ. ದೀಪಾವಳಿ ಕಳೆದು ವಾರವಾಗಿತ್ತು ಅಷ್ಟೆ. ನಾಲ್ಕೂವರೆ ತಿಂಗಳು ಇದೆಯಲ್ಲ, ಒಂದು ಕಾಗೆಯ ಕಣ್ಣು ಯಾವ ಮಹಾ!

ಅಂಗಡಿಯವರು ಲೆನ್ಸಿನ ಜೊತೆ ಮೂರು ಕಾಲಿನ ಒಂದು ಸ್ಟ್ಯಾಂಡನ್ನೂ ಕೊಟ್ಟಿದ್ದರು. ಅದರ ಮೇಲೆ ಕೂರಿಸಿದರೆ ಅಲ್ಲಾಡುವ ಮಾತೇ ಇಲ್ಲ. ಹಾಗೆಂದು ಒಂದು ಬೆಳಗ್ಗೆ ಏರಿಯ ಮೇಲೆ ಸ್ಟ್ಯಾಂಡು ನೆಟ್ಟು, ಒಂದು ಕಣ್ಣು ಮುಚ್ಚಿ, ಬಗ್ಗಿ ನೋಡುತ್ತಾ ನಿಂತ. ನಮ್ಮ ಕಡೆ ಮೂರು ಕಾಲಿನ ಮೇಲೆ ಏನಾದರೂ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವವರು ಯಾರು? ಸರ್ವೆಯವರು! ಅರ್ಧ ಗಂಟೆಯೊಳಗೆ ಪಕ್ಕದ ಊರುಗಳಿಂದ ಹದಿನೈದು ಜನ ಪಹಣಿ ಹಿಡಿದು ಬಂದು ಸುತ್ತ ನಿಂತರು.

"ಸಾರ್, ರಿಂಗ್ ರೋಡು ನಮ್ ತೋಟದ ಮೇಲೇ ಹೋಗುತ್ತಾ?"

"ಸಾರ್, ನಮ್ಮಣ್ಣನ ಕಡೆ ಸ್ವಲ್ಪ ಸರಿಸಿ ಸಾರ್, ಅವನಿಗೆ ಮಕ್ಕಳಿಲ್ಲ."

"ಅಯ್ಯೋ, ಕಾಗೆ ನೋಡ್ತಿದೀನ್ರಪ್ಪ" ಎಂದು ಇವನು ಅಂದಷ್ಟೂ ಅವರಿಗೆ ಅನುಮಾನ ಜಾಸ್ತಿ. ಒಬ್ಬ ಮುದುಕಪ್ಪ ಇವನ ಗುರುತು ಹಿಡಿದು, "ಕಂಡಕ್ಟ್ರಿಗೂ ಸರ್ವೆ ಕೆಲ್ಸ ಕೊಟ್ಟವ್ರೆ ಅಂದ್ರೆ ಎಷ್ಟು ಅರ್ಜೆಂಟಿರ್ಬೇಕು ನೋಡ್ರಲಾ!" ಅಂದ. ಗುಂಪು ಇನ್ನೂ ಹೆದರಿತು. ಸಂಜೆಯ ಹೊತ್ತಿಗೆ ಮೂರು ಊರಲ್ಲಿ ಸುದ್ದಿ, ಕೆರೆ ಅಂಗಳ ಸರ್ಕಾರ ಅಳೆದುಕೊಂಡು ಹೋಯಿತಂತೆ ಎಂದು. ಯಾರೋ ರಾತ್ರೋರಾತ್ರಿ ತಮ್ಮ ಬದುವಿನ ಕಲ್ಲನ್ನು ಪಕ್ಕದವರ ಹೊಲಕ್ಕೆ ಸರಿಸಿ ಜಗಳವೂ ಆಯಿತು. ಮಾರನೆಯ ದಿನ ಊರ ಹಿರಿಯರು ಮನೆಗೇ ಬಂದು, "ನೋಡಪ್ಪ, ಕೈಯಲ್ಲಿ ಹಿಡ್ಕೊಂಡು ಏನ್ ಬೇಕಾದ್ರೂ ಮಾಡ್ಕೋ. ಆ ಮೂರು ಕಾಲು ಮಾತ್ರ ಊರೊಳಗೆ ಊರಬೇಡ" ಅಂದರು. ಸ್ಟ್ಯಾಂಡು ಅಟ್ಟ ಸೇರಿತು. ಈಗಲೂ ಅಲ್ಲೇ ಇದೆ, ಅದರ ಮೇಲೆ ಈರುಳ್ಳಿ ಗೊಂಚಲು ತೂಗುತ್ತಿದೆ.

ಇನ್ನು ಉಳಿದದ್ದು ಕೈ. ಅಂಗಡಿಯವರು ಹೇಳಿಕೊಟ್ಟಿದ್ದನ್ನು ಇವನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದ. ಎಡಗೈ ಅಂಗೈಯನ್ನು ಲೆನ್ಸಿನ ಹೊಟ್ಟೆ ಕೆಳಗೆ ಕೊಡಬೇಕು, ಮೇಲಿನಿಂದ ಹಿಡಿಯಬಾರದು. ಎರಡೂ ಮೊಣಕೈ ಪಕ್ಕೆಗೆ ಅಂಟಿರಬೇಕು. ಹಣೆಯನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿಯಬೇಕು. ಅರ್ಧ ಉಸಿರು ಬಿಟ್ಟು ನಿಲ್ಲಿಸಬೇಕು. ಗುಂಡಿಯನ್ನು ಕುಟ್ಟಬಾರದು, ಮೆಲ್ಲಗೆ ಹಿಂಡಬೇಕು. ಎಲ್ಲ ಸರಿ. ಆದರೆ ನಿಲ್ಲುವವನು ಯಾರು? ಕಂಡಕ್ಟರು! ಉಸಿರು ನಿಲ್ಲಿಸಿ ಗುಂಡಿ ಹಿಂಡುವ ಹೊತ್ತಿಗೆ ಸರಿಯಾಗಿ ಏರಿಯ ಮೇಲೆ ಯಾವುದಾದರೂ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇವನ ಸೊಂಟ ತಾನಾಗಿಯೇ ಇಲ್ಲದ ಸೀಟನ್ನು ಹುಡುಕಿಕೊಂಡು ಪಕ್ಕಕ್ಕೆ ವಾಲುತ್ತಿತ್ತು. ಪಟದಲ್ಲಿ ಕಾಗೆಯ ಬದಲು ಒಂದು ಕರೀ ಗೀಟು.

ಹಾಗೆ ವಾಲಿದಾಗ ಆನಿಕೊಳ್ಳಲು ಏನಾದರೂ ಬೇಕಾಯಿತು. ಮರಕ್ಕೆ ಆನಿಕೊಂಡ, ಗೊದ್ದ ಕಚ್ಚಿತು. ಹೊಟ್ಟೆ ಮೇಲೆ ಮಲಗಿದ. ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಯಾರೋ ಬಿದ್ದುಹೋಗಿದ್ದಾರೆ ಎಂದು ಬಾಟಲಿ ನೀರನ್ನೆಲ್ಲ ತಲೆ ಮೇಲೆ ಸುರಿದಳು. ಮಾರನೆಯ ಬೆಳಗಿನ ಜಾವ ಬಂದ ನಮ್ಮ ಮನೆಗೆ.

ನಾನು ಆ ಹೊತ್ತಿಗೆ ಎದ್ದೇ ಇದ್ದೆ. ನಲವತ್ತೈದು ವರ್ಷ ನಾಲ್ಕೂವರೆಗೆ ಎದ್ದು ಹಾಲು ಕರೆದವಳು ನಾನು. ಮೇವು ಬೆಳೆಯುತ್ತಿದ್ದ ಹೊಲ ಲೇಔಟ್ ಆದ ಮೇಲೆ ಹಸುಗಳನ್ನು ಮಾರಿದೆವು. ಹಸು ಹೋದವು, ನಾಲ್ಕೂವರೆ ಹೋಗಲಿಲ್ಲ. ಎಚ್ಚರವಾಗುತ್ತಿತ್ತು. ಎದ್ದು ಕೊಟ್ಟಿಗೆಯ ಬಾಗಿಲಲ್ಲಿ ಕೂರುತ್ತಿದ್ದೆ. ಒಳಗೆ ಮೊಮ್ಮಗನ ಬೈಕು ನಿಂತಿರುತ್ತಿತ್ತು. ಬೈಕಿಗೆ ಮೈ ತಿಕ್ಕುವುದೂ ಬೇಡ, ಹುಲ್ಲು ಹಾಕುವುದೂ ಬೇಡ. ಏನೂ ಮಾಡದೆ ಬೆಳಗಾಗುವುದನ್ನು ನೋಡುವುದು ಎಷ್ಟು ಕೆಟ್ಟ ಕೆಲಸ ಎಂದು ಮಾಡಿದವರಿಗೇ ಗೊತ್ತು.

"ಅಕ್ಕ, ಕೆಲ್ಸ ಇದ್ಯಾ?"

"ಇಲ್ಲ. ಯಾಕೋ?"

"ಹಂಗಾದ್ರೆ ನಿನ್ ಹೆಗಲು ತಗೊಂಡ್ ಬಾ."

ಹೋದೆ. ಏರಿಯ ಮೇಲೆ ನನ್ನನ್ನು ನಿಲ್ಲಿಸಿ, ಹಿಂದೆ ನಿಂತು, ಆ ಒನಕೆಯನ್ನು ನನ್ನ ಬಲಭುಜದ ಮೇಲೆ ಇಟ್ಟ. ಮೂರು ಕಾಲಿನ ಬದಲು ಎರಡು ಕಾಲಿನ ಸ್ಟ್ಯಾಂಡು! ಅಲ್ಲಿಂದ ಮೂರು ತಿಂಗಳು ನಾನು ಗೂಟ. ಗೂಟಕ್ಕೆ ನಿಯಮಗಳು ಬಹಳ. ಕೆಮ್ಮಬಾರದು. ಎಲೆಅಡಿಕೆ ಅಗಿಯಬಾರದು. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಉಸಿರು ಕೂಡ ಅವನು ಹೇಳಿದಾಗ! ಹೇಳುವುದಾದರೂ ಹೇಗೆ? ಮೂವತ್ತನಾಲ್ಕು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ನಾನು ಉಸಿರು ಹಿಡಿಯಬೇಕಾದಾಗ ಕಿವಿಯ ಹತ್ತಿರ "ಹೋಲ್ಡಾನ್" ಅನ್ನುತ್ತಿದ್ದ. ಪಟ ಹೊಡೆದಾದ ಮೇಲೆ "ರೈಟ್, ರೈಟ್". ಆಗ ನಾನು ಉಸಿರಾಡಬಹುದು. ಒಂದು ದಿನ ಕಾಗೆ ಕೊಕ್ಕು ತಿರುಗಿಸಲಿ ಎಂದು ಕಾಯುತ್ತಾ ರೈಟ್ ಹೇಳುವುದನ್ನೇ ಮರೆತ. ನನಗೆ ಕಣ್ಣು ಕತ್ತಲೆ ಬಂತು.

"ಲೇ, ಈ ಸ್ಟಾಪಲ್ಲೇ ನನ್ನ ಇಳಿಸ್ಬಿಡ್ತೀಯೇನೋ!" ಎಂದು ಕೂಗಿದೆ. ಕೆರೆಯ ಹಕ್ಕಿಗಳೆಲ್ಲ ಎದ್ದು ಹಾರಿದವು.

ನಗಬೇಡಿ. ಆ ಮೂರು ತಿಂಗಳಲ್ಲಿ ನನ್ನ ನಾಲ್ಕೂವರೆಗೆ ಮತ್ತೆ ಒಂದು ಕೆಲಸ ಸಿಕ್ಕಿತ್ತು. ಇದನ್ನು ಅವನ ಮುಂದೆ ಹೇಳಿದವಳಲ್ಲ. ಹೇಳಿದ್ದರೆ ಅದಕ್ಕೂ ಒಂದು ಟಿಕೆಟ್ಟು ಹರಿಯುತ್ತಿದ್ದ.

ಹೆಗಲು ಸಿಕ್ಕಿತು ಎಂದು ಪಟ ಸಿಕ್ಕಿತೇ? ಇಲ್ಲ. ವಾಲುವುದು ನಿಂತಿತು. ಆದರೂ ಪಟದಲ್ಲಿ ಕಾಗೆಯ ಅಂಚು ಬಿಸಿಲುಗುದುರೆಯ ಹಾಗೆ ಅದುರುತ್ತಿತ್ತು. ನಾನು ನನ್ನ ಉಸಿರನ್ನು ಬೈದುಕೊಂಡೆ, ಅವನು ಗಾಳಿಯನ್ನು ಬೈದ. ಶಿವರಾತ್ರಿ ಕಳೆದ ಮೇಲೆ ಒಂದು ದಿನ, ಕೆರೆಯಿಂದ ಬಂದು ಟೀ ಅಂಗಡಿಯಲ್ಲಿ ಕೂತಾಗ, ಗ್ಲಾಸು ಹಿಡಿದ ಅವನ ಬಲಗೈ ನೋಡಿದೆ. ಟೀ ತುಳುಕಿ ಪಂಚೆಯ ಮೇಲೆ ಬೀಳುತ್ತಿತ್ತು.

"ಏನೋ ಅದು?"

"ಚಳಿ ಅಕ್ಕ."

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗಿ ಹತ್ತು ದಿನವಾಗಿತ್ತು. ನಾನು ಅವನ ಮುಖ ನೋಡಿದೆ. ಗ್ಲಾಸನ್ನು ಬೆಂಚಿನ ಮೇಲೆ ಇಟ್ಟ.

"ಹೊಸಕೋಟೆ ಡಾಕ್ಟ್ರಿಗೆ ತೋರಿಸ್ದೆ. ನರದ್ದಂತೆ. ಸಾಯೋ ಕಾಯಿಲೆ ಅಲ್ವಂತೆ, ಬರೀ ನಡುಗೋ ಕಾಯಿಲೆ. ಮಾತ್ರೆ ಕೊಟ್ಟವ್ರೆ. ನಿಧಾನಕ್ಕೆ ಜಾಸ್ತಿ ಆಗುತ್ತೆ ಅಂದ್ರು."

"ಅವಳಿಗೆ ಹೇಳ್ದಾ?"

"ಬೇಡ. ಈಗ ನಗ್ತಾ ಬೈತಾಳೆ. ಗೊತ್ತಾದ್ರೆ ನಗೋದು ಬಿಟ್ಟು ಬರೀ ನೋಡ್ತಾಳೆ." ಪಂಚೆಯ ಮೇಲಿನ ಟೀ ಒರೆಸಿಕೊಳ್ಳುತ್ತಾ, "ಈ ಯುಗಾದಿಗೆ ಆಗ್ಲಿಲ್ಲ ಅಂದ್ರೆ ಮುಂದಿನ ಯುಗಾದಿಗೆ ಈ ಕೈ ನನ್ನ ಮಾತು ಕೇಳಲ್ಲ ಅಕ್ಕ. ಒಂದೇ ಒಂದು ಪಟ. ಕಣ್ಣು ಹಸಿರಾಗಿ ಕಾಣ್ಬೇಕು ಅಷ್ಟೆ. ಸುಳ್ಳು ಹೇಳ್ದೋನು ಅಂತ ಅನ್ನಿಸ್ಕೊಂಡು ಕೂರಕ್ಕಾಗಲ್ಲ ನನ್ ಕೈಲಿ."

ನನಗೆ ಅಳುವುದಕ್ಕೆ ಬರುವುದಿಲ್ಲ. ಗಂಡ ಸತ್ತಾಗಲೂ ಬಂದವರಿಗೆ ಕಾಫಿ ಕಾಸಿಕೊಟ್ಟವಳು. "ಟೀ ಕುಡಿ, ಆರೋಯ್ತು" ಅಂದೆ. ಗ್ಲಾಸನ್ನು ನಾನೇ ಹಿಡಿದೆ. ಕುಡಿದ.

ಆಮೇಲೆ ದಿನಗಳು ಓಡಿದವು. ಹೊಂಗೆ ಚಿಗುರಿತು. ಊರಿನವರು "ಏನ್ ಹಸಿರುಗಣ್ಣಪ್ಪ, ಹಬ್ಬ ಬಂತಲ್ಲ" ಎಂದು ಕೇಳುವುದೂ ಜಾಸ್ತಿಯಾಯಿತು. ಅವನು ನಗುತ್ತಿದ್ದ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ. ಗಡುವಿನ ಕೊನೆಯ ಬೆಳಗ್ಗೆ. ಒಂದೇ ಒಂದು ನೀರುಕಾಗೆ ಜಾಲಿಮರದ ತುದಿಯಲ್ಲಿ ಕೂತಿತ್ತು. ಬಿಸಿಲು ನೇರ ಅದರ ಮುಖಕ್ಕೆ. ಇಂಥ ಬೆಳಕು ನಾಲ್ಕು ತಿಂಗಳಲ್ಲಿ ಸಿಕ್ಕಿರಲಿಲ್ಲ. ನನ್ನ ಹೆಗಲ ಮೇಲೆ ಲೆನ್ಸಿಟ್ಟು ಐವತ್ತು ಸಲವಾದರೂ ಹೊಡೆದಿರಬೇಕು. ಹೋಲ್ಡಾನ್, ರೈಟ್. ಹೋಲ್ಡಾನ್, ರೈಟ್. ಒಂದೊಂದನ್ನೂ ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ದೊಡ್ಡದು ಮಾಡಿ ನೋಡಿದ. ಎಲ್ಲವೂ ಅದುರಿದವೇ. ಲೆನ್ಸು ಈಗ ನನ್ನ ಭುಜದ ಮೂಳೆಯ ಮೇಲೆ ಟಕಟಕ ಎಂದು ಬಡಿಯುತ್ತಿತ್ತು. ಗೂಟ ಗಟ್ಟಿಯಿದ್ದರೆ ಏನು ಬಂತು, ಕಟ್ಟಿದ ಹಗ್ಗವೇ ನಡುಗುವಾಗ?

ನನಗೆ ತಡೆಯಲಾಗಲಿಲ್ಲ. "ನಿಂತು ನಿಂತು ನೀನು ಕೆಟ್ಟೆ ಕಣೋ. ಕೂತ್ಕೋ" ಅಂದೆ.

"ಕೂತ್ರೆ?"

"ಹಾಲು ಕರೆಯೋವಾಗ ನಾನು ಹೆಂಗೆ ಕೂರ್ತಿದ್ದೆ? ಕುಕ್ಕರುಗಾಲಲ್ಲಿ. ಹಸು ಒದ್ರೂ ಚೆಂಬು ಅಲ್ಲಾಡ್ಬಾರ್ದು. ಮೊಣಕೈನ ಮಂಡಿ ಒಳಗೆ ಸಿಕ್ಕಿಸ್ಕೋ. ಹಣೆನ ಹಸು ಹೊಟ್ಟೆಗೆ ಕೊಟ್ಟಂಗೆ ಕ್ಯಾಮ್ರಾಕ್ಕೆ ಕೊಡು."

ಕೂರಲು ಹೋದ. ಕಂಡಕ್ಟರನ ಮಂಡಿ ಎಲ್ಲಿ ಮಡಿಸುತ್ತದೆ? ಅರ್ಧ ಬಗ್ಗಿದವನು ಹಾಗೇ ಹಿಂದಕ್ಕೆ ಉರುಳಿ ಹುಲ್ಲಿನ ಮೇಲೆ ಅಂಗಾತ ಬಿದ್ದ. ಬಿದ್ದರೂ ಲೆನ್ಸನ್ನು ಎದೆಯ ಮೇಲೆ ಮಗುವಿನ ಹಾಗೆ ಅವುಚಿಕೊಂಡಿದ್ದ. ನನಗೆ ನಗು ಬಂತು. ಅವನಿಗೂ ಬಂತು. ಹಕ್ಕಿಗೆ ಮಾತ್ರ ನಮ್ಮ ಗೊಡವೆಯೇ ಇಲ್ಲ, ರೆಕ್ಕೆ ಒಣಗಿಸುತ್ತಲೇ ಇತ್ತು.

"ಹಿಂಗಲ್ವೋ, ಕೊಡಿಲ್ಲಿ" ಎಂದು ಲೆನ್ಸು ಕಿತ್ತುಕೊಂಡು, ತೋರಿಸಿಕೊಡುವುದಕ್ಕೆ ಕೂತೆ. ಕೂರುವುದೇನು ನನಗೆ ಹೊಸದೇ? ಸೀರೆ ಮಂಡಿಗೆ ಸಿಕ್ಕಿಸಿ, ಮೊಣಕೈ ಒಳಗೆ ಕೊಟ್ಟು, ಎಡಗೈ ಮೇಲೆ ಅದರ ಹೊಟ್ಟೆ ಇಟ್ಟೆ. ಎರಡೂವರೆ ಕೆಜಿ ಏನು ಮಹಾ, ಚೆಂಬು ತುಂಬುತ್ತಾ ಬಂದ ಹಾಗೆ ಭಾರ ಆಗುವುದನ್ನು ಮಂಡಿಯ ನಡುವೆ ಹಿಡಿದವಳು ನಾನು. ಹಣೆ ಕೊಟ್ಟೆ. ಅವನು ನನ್ನ ಬೆನ್ನ ಹಿಂದಿನಿಂದ ಬಗ್ಗಿ ಲೆನ್ಸಿನ ತುದಿ ನೋಡಿದ. ಇನ್ನೂ ಹತ್ತಿರ ಬಗ್ಗಿದ.

"ಅಕ್ಕ. ಅಲ್ಲಾಡ್ತಾ ಇಲ್ಲ."

"ನೋಡ್ದಾ? ಈಗ ನೀನು ಕೂತ್ಕೋ."

"ನನ್ ಕೈಲಾಗಲ್ಲ. ನೀನೇ ಹೊಡಿ."

ನನಗೆ ಗೊತ್ತು ಅವನು ಏನು ಬಿಟ್ಟುಕೊಡುತ್ತಿದ್ದಾನೆ ಎಂದು. ನಾಲ್ಕು ತಿಂಗಳು, ಆ ನಗು, ಆ ಹೆಸರು, ಎಲ್ಲ ಈ ಒಂದು ಹಕ್ಕಿಗಾಗಿ. "ಬೇಡ ಕಣೋ. ಇದು ನಿಂದು" ಅಂದೆ.

"ಹಕ್ಕಿ ಎದ್ದೋಗುತ್ತೆ ಅಕ್ಕ. ಗುಂಡಿ ಬಲಗಡೆ ಐತೆ. ಹಾಲು ಹಿಂಡಿದಂಗೆ ಹಿಂಡು."

ಆಗ ಸರಿಯಾಗಿ ಕಣ್ಣಿಟ್ಟು ನೋಡಿದೆ. ಕರೀ ಹಕ್ಕಿ ಎಂದಿದ್ದೆನಲ್ಲ, ಕರಿ ಅಲ್ಲವೇ ಅಲ್ಲ. ಬೆನ್ನಿನ ಗರಿಗಳು ಒಂದೊಂದೂ ಹೊಗೆ ಹಿಡಿದ ತಾಮ್ರದ ಹಾಗೆ. ಗಂಟಲು ಪಟಪಟ ಮಿಡಿಯುತ್ತಿತ್ತು. ಮುಖ ತಿರುಗಿಸಿತು. ಅಯ್ಯೋ ನನ್ನಪ್ಪ! ಹಸಿರು! ಒಡೆದ ಗಾಜಿನ ಬಳೆಯ ಚೂರು ಬಿಸಿಲಲ್ಲಿ ಬಿದ್ದಿರುತ್ತದಲ್ಲ, ಆ ಹಸಿರು. ಅರವತ್ತೆಂಟು ವರ್ಷ ಆ ಕೆರೆಯಲ್ಲಿ ಬಟ್ಟೆ ಒಗೆದಿದ್ದೇನೆ, ಹಸು ತೊಳೆದಿದ್ದೇನೆ. ಅದು ಅಲ್ಲೇ ಕೂತು ನನ್ನನ್ನು ಆ ಕಣ್ಣಿನಿಂದ ನೋಡುತ್ತಿತ್ತು ಎಂದು ಯಾರು ಹೇಳಿದ್ದರು?

ಅರ್ಧ ಉಸಿರು ಬಿಟ್ಟೆ. ಹಿಂಡಿದೆ.

ಅವನು ಕ್ಯಾಮೆರಾ ತೆಗೆದುಕೊಂಡು ಪಟವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಗಾಜಿನ ತುಂಬ ಒಂದು ಹಸಿರು ಕಣ್ಣು, ಅದರೊಳಗೆ ಸೂಜಿಮೊನೆಯಷ್ಟು ಬಿಸಿಲು. ಎದ್ದು ಕುಣಿದ! ನೆಲ ಬ್ರೇಕ್ ಹಾಕಿದ ಹಾಗೆ ಎರಡು ಸಲ ಮುಗ್ಗರಿಸಿದ, ಮತ್ತೆ ಕುಣಿದ. ತಾನೇ ಹೊಡೆದಿದ್ದರೂ ಇಷ್ಟು ಕುಣಿಯುತ್ತಿದ್ದನೋ ಇಲ್ಲವೋ.

ದಾರಿಯಲ್ಲಿ ಅವನಿಗೆ ಬುದ್ಧಿ ಹೇಳಿದೆ. "ನೋಡು, ಅವಳ ಮುಂದೆ ನೀನೇ ಹೊಡೆದದ್ದು ಅನ್ನು. ಕಾಗೆ ಏನೂ ಸಾಕ್ಷಿ ಹೇಳಕ್ಕೆ ಬರಲ್ಲ." ಅವನು ಗಾಜಿನಲ್ಲಿ ಆ ಕಣ್ಣನ್ನೇ ಮತ್ತೆ ಮತ್ತೆ ನೋಡುತ್ತಾ ನಡೆದ.

ನಾದಿನಿ ಬೇಳೆ ಆರಿಸುತ್ತಾ ಕೂತಿದ್ದಳು. ನಾನೇ ಮುಂದೆ ಹೋಗಿ ಕ್ಯಾಮೆರಾ ಹಿಡಿದೆ. "ತಗೋ, ನಿನ್ ಹಸಿರು ಕಣ್ಣು. ನಿನ್ ಗಂಡ ಹೊಡೆದವ್ನೆ." ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಈ ನಿಯತ್ತಿನ ಮುಂಡೇದು ಬಾಯಿ ಬಿಟ್ಟಿತು.

"ಅಕ್ಕ ಹೊಡೆದದ್ದು ಕಣೆ. ನಾನಲ್ಲ."

"ಲೇ!"

"ಸುಳ್ಳು ಯಾಕಕ್ಕ? ಸೋತೆ ಅಂದ್ರೆ ಸೋತೆ. ನಾಳೆ ಹಬ್ಬ, ನಾಡಿದ್ದು ವಾಪಸ್ ಕೊಟ್ಟು ಬರ್ತೀನಿ." ಹೇಳಿ ಹಿತ್ತಲಿಗೆ ಕಾಲು ತೊಳೆಯಲು ಹೋದ.

ಕೋಳಿಗೆ ಟಿಕೆಟ್ಟು ಹರಿದವನಿಂದ ಇನ್ನೇನು ಆಸೆ ಪಡುತ್ತೀರಿ? ನಾನು ಸಿಟ್ಟಿನಲ್ಲಿ ನಾದಿನಿಗೇ ಹೇಳಿಬಿಡಲು ಹೊರಟೆ. "ನೋಡಮ್ಮ, ಅವನ ಕೈ..." ಅಂದೆ.

"ಗೊತ್ತು ಅತ್ತಿಗೆ."

"ಏನ್ ಗೊತ್ತು?"

"ಆರು ತಿಂಗಳಿಂದ ಇವ್ರ ಶರ್ಟಿನ ಗುಂಡಿ ಯಾರು ಹಾಕ್ತಿದಾರೆ ಅಂದ್ಕೊಂಡ್ರಿ? ಕಾಜ ಚಿಕ್ಕದಾಗಿದೆ ಕಣೆ ಅಂತಾರೆ. ಹೂಂ ರೀ, ದರ್ಜಿ ಕೆಟ್ಟೋನು ಅಂತೀನಿ. ಹಾಕ್ತೀನಿ." ಮೊರದ ಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕಿದಳು.

"ಮತ್ತೆ ಗಡುವು ಯಾಕೆ ಹಾಕ್ದೆ?"

"ದಿನಾ ಹೋಗಿ ಮುಖ ಸಣ್ಣ ಮಾಡ್ಕೊಂಡು ಬರೋದನ್ನ ವರ್ಷಗಟ್ಲೆ ನೋಡಕ್ಕಾಗುತ್ತಾ ಅತ್ತಿಗೆ? ಯುಗಾದಿಗೆ ಮುಗೀಲಿ ಅಂತ. ಹೆಂಡ್ತಿ ಕಾಟಕ್ಕೆ ಬಿಟ್ಟೆ ಅಂದ್ಕೊಂಡಿರ್ಲಿ. ಕೈಲಾಗ್ದೆ ಬಿಟ್ಟೆ ಅಂದ್ಕೊಳ್ಳೋದು ಬೇಡ ಅಂತ."

ನಾನೂ ಮೊರದ ಮುಂದೆ ಕೂತು ಅವಳ ಜೊತೆ ಇಲ್ಲದ ಕಲ್ಲು ಹುಡುಕಿದೆ. ಅವನು ಕಾಲು ತೊಳೆದು ಒಳಗೆ ಬಂದಾಗ ಅವಳು ತಲೆ ಎತ್ತದೆ ಅಂದಳು, "ರೀ, ಆ ಒನಕೇನ ಪೆಟ್ಟಿಗೆಗೆ ಹಾಕ್ಬೇಡಿ. ಬಾಗ್ಲ ಹಿಂದೆ ಇಡಿ. ಬೆಳಗ್ಗೆ ಕೈಗೆ ಸಿಗ್ಬೇಕು." ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅರ್ಥವಾದ ಮೇಲೆ ಹಿಡಿಯುವವರು ಯಾರು? ಸಂಜೆ ಹೊಸಕೋಟೆಗೆ ಹೋಗಿ ಪಟವನ್ನು ಗೋಡೆ ಕ್ಯಾಲೆಂಡರಿನಷ್ಟು ದೊಡ್ಡದಾಗಿ ತೆಗೆಸಿಕೊಂಡು ಬಂದ. ಟೀ ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಬಸ್ ಸ್ಟಾಪಿನಲ್ಲಿ ಒಬ್ಬೊಬ್ಬರ ಮೂಗಿನ ಮುಂದೆಯೂ ಹಿಡಿದ. ಚಿನ್ನದ ಹಲ್ಲಿನ ಎಮ್ಮೆಯವನೂ ಬಾಯಿ ಮುಚ್ಚಿಕೊಂಡು ನೋಡಿದ. "ಸರಿ ಗುರು, ಒಪ್ಕೊಂಡೆ. ಚೆನ್ನಾಗಿ ಹೊಡೆದಿದ್ಯಾ" ಅಂದರೆ ಇವನು ಪ್ರತಿ ಸಲವೂ ತಿದ್ದುತ್ತಿದ್ದ.

"ನಾನಲ್ಲಪ್ಪ. ನಮ್ಮಕ್ಕ ಹೊಡೆದದ್ದು. ನಮ್ಮಕ್ಕಂದು ಇದು."

ನಾನು ಸಾಮಾನು ತರಲು ಹೋಗಿದ್ದವಳು ಅಂಗಡಿ ಮೂಲೆಯಲ್ಲಿ ನಿಂತು ಕೇಳಿಸಿಕೊಂಡೆ. ನಲವತ್ತೈದು ವರ್ಷ ನಾನು ಕರೆದ ಹಾಲು ಡೇರಿ ಪುಸ್ತಕದಲ್ಲಿ ನನ್ನ ಗಂಡನ ಹೆಸರಿನಲ್ಲಿ ಹೋಯಿತು. ನಾನು ಕಳೆ ಕಿತ್ತ ಹೊಲ ಮೊದಲು ಮಾವನದು, ಆಮೇಲೆ ಗಂಡನದು, ಆಮೇಲೆ ಮಗನದು. ಅದರ ಬಗ್ಗೆ ನನಗೆ ದೂರಿಲ್ಲ, ಊರಲ್ಲಿ ಎಲ್ಲರ ಮನೆಯದೂ ಹಾಗೇ. ಆದರೆ ನಾಲ್ಕು ಜನರ ನಡುವೆ ನಿಂತು, ತನಗೇ ಬೇಕಾಗಿದ್ದ ಒಂದನ್ನು ತೋರಿಸಿ, ಇದು ನಮ್ಮಕ್ಕಂದು ಎಂದು ಕೂಗಿದವನು ಇವನೊಬ್ಬನೇ. ನಡುಗುವ ಕೈಯಲ್ಲಿ ಪಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಆ ಕೈಗೆ ನಾನು ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ. ಎದುರಿಗೆ ಹೋಗಿ, "ಸಾಕು ಮನೆಗೆ ನಡಿ, ಪಟ ಹರಿದೋಗುತ್ತೆ" ಎಂದು ಬೈದೆ.

ಮರುದಿನ ಯುಗಾದಿ. ತಲೆಗೆ ಎಣ್ಣೆ ಇಟ್ಟುಕೊಂಡವಳು ನೀರು ಹಾಕಿಕೊಳ್ಳುವುದನ್ನು ಬಿಟ್ಟು, ಹೋಳಿಗೆಯ ಕೆಲಸ ಸೊಸೆಗೆ ಒಪ್ಪಿಸಿ, ಬೆಳಕು ಹರಿಯುವ ಮೊದಲೇ ತಮ್ಮನ ಮನೆ ಬಾಗಿಲು ಬಡಿದೆ. ಏರಿಗೆ ಕರೆದುಕೊಂಡು ಹೋದೆ. ಕುಕ್ಕರುಗಾಲಲ್ಲಿ ಕೂತು ಲೆನ್ಸನ್ನು ಅಂಗೈ ಮೇಲೆ ಇಟ್ಟುಕೊಂಡೆ. ಅವನನ್ನು ಪಕ್ಕದ ಕಲ್ಲಿನ ಮೇಲೆ ಕೂರಿಸಿ, ಅವನ ಬಲಗೈ ಹಿಡಿದು ಬೆರಳನ್ನು ಗುಂಡಿಯ ಮೇಲೆ ಇಟ್ಟೆ. ಹಿಡಿಯುವುದು ನಾನು, ಒತ್ತುವುದು ಅವನು. ಎಣ್ಣೆ ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು. ಮೊದಲನೆಯ ಪಟ ಅಲ್ಲಾಡಿತು. ಎರಡನೆಯದೂ ಅಲ್ಲಾಡಿತು.

"ನಾನೆಲ್ಲಿಗೂ ಹೋಗ್ತಿಲ್ಲ, ಒತ್ತೋ" ಅಂದೆ.